ಹಾಬಿ ಮೂರು, ರೂಪ ಒಂದೇ

ಕೇಳುಗರಿಗೆ ನಮಸ್ಕಾರ.

ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಕಲಿಸುವವರ ಕೈಗೆ ಪ್ರತಿ ಜೂನ್‌ನಲ್ಲಿ ಒಂದು ವಾಕ್ಯ ಸಿಕ್ಕೇ ಸಿಗುತ್ತದೆ. ಎಂಟನೇ ಕ್ಲಾಸಿಗೆ ಹೊಸದಾಗಿ ಬಂದವರಿಗೆ ನಿಮ್ಮ ಬಗ್ಗೆ ನಾಲ್ಕು ಸಾಲು ಬರೆಯಿರಿ ಅನ್ನಿ. 'ಮೈ ಹಾಬೀಸ್ ಆರ್ ರೀಡಿಂಗ್ ಬುಕ್ಸ್, ಟು ಪ್ಲೇ ಕ್ರಿಕೆಟ್ ಅಂಡ್ ಐ ಲೈಕ್ ಸಾಂಗ್ಸ್.' ಸ್ಪೆಲಿಂಗ್ ಸರಿ. ಅರ್ಥವೂ ಆಗುತ್ತದೆ. ಆದರೂ ಓದುವಾಗ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ.

ಶುರುವಿನ ವರ್ಷಗಳಲ್ಲಿ ನಾನು ಇಂಥದ್ದರ ಕೆಳಗೆ ಕೆಂಪು ಗೆರೆ ಎಳೆದು ಸುಮ್ಮನಾಗುತ್ತಿದ್ದೆ. ಗೆರೆ ಯಾಕೆ ಬಿತ್ತು ಅಂತ ಮಗುವಿಗೆ ಗೊತ್ತಾಗಬೇಕಲ್ವಾ? ಗ್ರಾಮರ್ ಪುಸ್ತಕಗಳು ಇದನ್ನು ಪ್ಯಾರಲಲ್ ಸ್ಟ್ರಕ್ಚರ್ ಅನ್ನುತ್ತವೆ. ಒಂದು ವಾಕ್ಯದಲ್ಲಿ ಒಂದೇ ಕೆಲಸ ಮಾಡುವ ಮಾತುಗಳು ಒಂದೇ ರೂಪದಲ್ಲಿರಬೇಕು, ಅಷ್ಟೇ. ಆದರೆ ಕ್ಲಾಸಿನಲ್ಲಿ ಆ ಹೆಸರು ಎತ್ತಿದರೆ ಮಕ್ಕಳಿಗೆ ಜ್ಯಾಮಿತಿಯ ಗೆರೆಗಳು ನೆನಪಾಗುತ್ತವೆ, ಪಾಪ. ಹಾಗಾಗಿ ನಾನು ಗಾದೆಯಿಂದ ಶುರು ಮಾಡುತ್ತೇನೆ.

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.' ಎಲ್ಲರಿಗೂ ಬಾಯಿಪಾಠ. ಈಗ ಇದನ್ನೇ ಸ್ವಲ್ಪ ಕೆಡಿಸಿ ಹೇಳುತ್ತೇನೆ: 'ಊಟ ಬಲ್ಲವನಿಗೆ ರೋಗವಿಲ್ಲ, ಮಾತಾಡೋದು ಗೊತ್ತಿದ್ದರೆ ಜಗಳ ಆಗೋದು ಕಮ್ಮಿ.' ಕ್ಲಾಸಿಗೆ ಕ್ಲಾಸೇ ನಗುತ್ತದೆ. ಯಾಕೆ ನಕ್ಕಿರಿ ಅಂತ ಕೇಳಿ. ಅರ್ಥ ಅದೇ ಇದೆ, ಆದರೆ ಎತ್ತಿನ ಜೋಡಿ ತಪ್ಪಿದೆ. ಕಿವಿಗೆ ಗೊತ್ತಾಯಿತು.

ಕನ್ನಡದಲ್ಲಿ ಇಷ್ಟು ಚುರುಕಾದ ಕಿವಿ ಇಂಗ್ಲಿಷಿನಲ್ಲಿ ಯಾಕೆ ಮೋಸ ಹೋಗುತ್ತದೆ? ನನಗೆ ಕಂಡ ಕಾರಣ ಹೇಳುತ್ತೇನೆ. 'ರೀಡಿಂಗ್' ಅಂದರೂ ನಮಗೆ ಓದುವುದು, 'ಟು ರೀಡ್' ಅಂದರೂ ಓದುವುದು. ಕನ್ನಡದ ಒಂದು ಮಾತಿಗೆ ಅಲ್ಲಿ ಎರಡು ರೂಪ. ಮನಸ್ಸಿನಲ್ಲಿ 'ಓದುವುದು, ಆಡುವುದು, ಕೇಳುವುದು' ಅಂತ ನೆಟ್ಟಗೆ ಹೊರಟ ಹುಡುಗ, ಪೆನ್ನು ಹಿಡಿದಾಗ ಯಾವ ರೂಪ ಮೊದಲು ಕೈಗೆ ಸಿಗುತ್ತದೋ ಅದನ್ನು ಹಾಕುತ್ತಾನೆ.

ಇನ್ನೊಂದು ಇದಕ್ಕಿಂತ ಮಜವಾಗಿದೆ. 'ಎದ್ದು, ಹಲ್ಲುಜ್ಜಿ, ತಿಂಡಿ ತಿಂದು ಸ್ಕೂಲಿಗೆ ಹೋದೆ.' ಇಲ್ಲಿ ನಿನ್ನೆಯೋ ನಾಳೆಯೋ ಅಂತ ಹೇಳುವುದು ಕೊನೆಯ 'ಹೋದೆ' ಒಂದೇ. ಮಗು ಇಂಗ್ಲಿಷಿನಲ್ಲೂ ಹಾಗೇ ಬರೆಯುತ್ತದೆ: 'ಐ ಗೆಟ್ ಅಪ್, ಬ್ರಶ್ ಮೈ ಟೀತ್, ಈಟ್ ಬ್ರೇಕ್‌ಫಾಸ್ಟ್ ಅಂಡ್ ವೆಂಟ್ ಟು ಸ್ಕೂಲ್.' ಮೂರು ಕ್ರಿಯಾಪದ ಬರಿಗಾಲಲ್ಲಿ, ಕೊನೆಯದು ಮಾತ್ರ ಚಪ್ಪಲಿ ಮೆಟ್ಟಿದೆ. ಇಂಗ್ಲಿಷಿನಲ್ಲಿ ಎಲ್ಲರಿಗೂ ಚಪ್ಪಲಿ ಬೇಕು: ಗಾಟ್, ಬ್ರಶ್ಡ್, ಏಟ್, ವೆಂಟ್. ಇದನ್ನು ದಡ್ಡತನ ಅನ್ನಬೇಡಿ. ಮಗು ತನ್ನ ಭಾಷೆಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿದೆ.

ಸರಿ, ತಿದ್ದುವುದು ಹೇಗೆ? ಬೋರ್ಡಿನ ಎಡಗಡೆ 'ಮೈ ಹಾಬೀಸ್ ಆರ್' ಅಂತ ಬರೆಯಿರಿ. ಬಲಗಡೆ ಮೂರು ಹಾಬಿಗಳನ್ನು ದಿನಸಿ ಚೀಟಿಯ ಹಾಗೆ ಒಂದರ ಕೆಳಗೆ ಒಂದು ಬರೆಯಿರಿ. ಎರಡನ್ನು ಕೈಯಿಂದ ಮುಚ್ಚಿ ಒಂದೊಂದನ್ನೇ ಓದಿಸಿ. 'ಮೈ ಹಾಬೀಸ್ ಆರ್ ಐ ಲೈಕ್ ಸಾಂಗ್ಸ್' ಅನ್ನುವಾಗ ಮಗುವೇ ಮುಖ ಹಿಂಡುತ್ತದೆ. 'ಟು ಪ್ಲೇ ಕ್ರಿಕೆಟ್' ಮಾತ್ರ ಈ ಪರೀಕ್ಷೆಯಲ್ಲಿ ಜಾಣತನದಿಂದ ಪಾಸಾಗಿಬಿಡುತ್ತದೆ. ಅದಕ್ಕೇ ಕೈ ತೆಗೆದು ಮೂರರ ತಲೆಗಳನ್ನು ಮೇಲಿಂದ ಕೆಳಗೆ ನೋಡಿಸಬೇಕು. ರೀಡಿಂಗ್, ಪ್ಲೇಯಿಂಗ್, ಲಿಸನಿಂಗ್ ಅಂತ ಸಾಲಾಗಿ ನಿಂತರೆ ಮುಗಿಯಿತು.

ಒಳ್ಳೆಯ ಮಾದರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 1949ರ ನವೆಂಬರ್ 26ರಂದು ಅಂಗೀಕರಿಸಿದ ನಮ್ಮ ಸಂವಿಧಾನದ ಪೀಠಿಕೆಯ ಇಂಗ್ಲಿಷ್ ಪಾಠ ತೆಗೆಯಿರಿ. 'ಲಿಬರ್ಟಿ ಆಫ್ ಥಾಟ್, ಎಕ್ಸ್‌ಪ್ರೆಶನ್, ಬಿಲೀಫ್, ಫೇತ್ ಅಂಡ್ ವರ್ಶಿಪ್.' ಐದಕ್ಕೆ ಐದೂ ನಾಮಪದ, ಎಲ್ಲಕ್ಕೂ ಸೇರಿ ಒಂದೇ 'ಆಫ್'. ಅದರ ಮುಂದಿನ ಸಾಲು: 'ಈಕ್ವಾಲಿಟಿ ಆಫ್ ಸ್ಟೇಟಸ್ ಅಂಡ್ ಆಫ್ ಆಪರ್ಚುನಿಟಿ.' ಇಲ್ಲಿ 'ಆಫ್' ಎರಡು ಸಲ. ಎರಡೂ ಸರಿ. ಒಂದೇ ಸಲ ಹಾಕಿ ಎಲ್ಲರಿಗೂ ಹಂಚಿ, ಇಲ್ಲವೇ ತಲೆಗೊಂದು ಕೊಡಿ. 'ಟು ರೀಡ್, ರೈಟ್ ಅಂಡ್ ಸಿಂಗ್' ಆಗಬಹುದು, 'ಟು ರೀಡ್, ಟು ರೈಟ್ ಅಂಡ್ ಟು ಸಿಂಗ್' ಕೂಡ ಆಗಬಹುದು. 'ಟು ರೀಡ್, ರೈಟ್ ಅಂಡ್ ಟು ಸಿಂಗ್' ಅಂದರೆ ಪಂಕ್ತಿಯಲ್ಲಿ ಮಧ್ಯದವನಿಗೆ ಮಾತ್ರ ಹೋಳಿಗೆ ತಪ್ಪಿಸಿದ ಹಾಗೆ.

'ನಾಟ್ ಓನ್ಲಿ, ಬಟ್ ಆಲ್ಸೋ' ಬಂದಾಗಲೂ ಇದೇ ಲೆಕ್ಕ. ಮೊದಲನೆಯದರ ಮುಂದೆ 'ಸಿಂಗ್ಸ್' ಬಂದರೆ ಎರಡನೆಯದರ ಮುಂದೆ 'ಡ್ಯಾನ್ಸಸ್' ಬರಬೇಕು, 'ಎ ಡ್ಯಾನ್ಸರ್' ಅಲ್ಲ. ಕನ್ನಡದಲ್ಲಿ 'ಹಾಡುವುದಷ್ಟೇ ಅಲ್ಲ, ಕುಣಿಯುತ್ತಾಳೆ ಕೂಡ' ಅಂತ ಆರಾಮವಾಗಿ ಹೇಳುತ್ತೇವೆ ನೋಡಿ, ಅಲ್ಲೇ ಮಕ್ಕಳು ಜಾರುವುದು.

ಹಾಗಂತ ಎಲ್ಲವನ್ನೂ ಒಂದೇ ಸಾಲಿಗೆ ತುರುಕಲೂ ಬಾರದು. ಒಬ್ಬ ಹುಡುಗ 'ಮೈ ಫಾದರ್ ಈಸ್ ಟಾಲ್, ಕೈಂಡ್ ಅಂಡ್ ಎ ಫಾರ್ಮರ್' ಅಂತ ಬರೆದಿದ್ದ. ಎರಡು ಗುಣ, ಒಂದು ಕಸುಬು. ಹೇಗೆ ತಿದ್ದುತ್ತೀಯ ಅಂದೆ. 'ಫಾರ್ಮರ್' ಅನ್ನುವುದಕ್ಕೆ ಗುಣವಾಚಕ ಹುಡುಕುತ್ತಾ ತಲೆ ಕೆರೆದುಕೊಂಡ. ಕೈಲಾಗದಿದ್ದರೆ ಫುಲ್‌ಸ್ಟಾಪ್ ಇಡೋ ಮಾರಾಯ ಅಂದೆ. ಇಟ್ಟ. ಆಮೇಲೆ 'ಫಾರ್ಮರ್' ಅನ್ನುವುದನ್ನೂ ಹೊಡೆದು ಹಾಕಿ ಬರೆದ: 'ಮೈ ಫಾದರ್ ಈಸ್ ಟಾಲ್ ಅಂಡ್ ಕೈಂಡ್. ಹಿ ಗ್ರೋಸ್ ರಾಗಿ.'

ನಮಸ್ಕಾರ.