ದತ್ತು ನಡೆಯದ ಮನೆತನದವನು ಮೈಸೂರಿನ ದತ್ತು ಒಪ್ಪಿದ

ನಮಸ್ಕಾರ. 1867ರ ಏಪ್ರಿಲ್ 16ರ ತಾರೀಖಿನ ಒಂದು ಸರ್ಕಾರಿ ಪತ್ರದಿಂದ ಶುರು ಮಾಡೋಣ. ಭಾರತದ ವ್ಯವಹಾರ ನೋಡುತ್ತಿದ್ದ ಮಂತ್ರಿಯ ಕಚೇರಿ, ಅಂದರೆ ಲಂಡನ್ನಿನ ಇಂಡಿಯಾ ಆಫೀಸಿನಿಂದ ಗವರ್ನರ್ ಜನರಲ್‌ಗೆ ಹೋದ ಪತ್ರ. ಮುಮ್ಮಡಿ ಕೃಷ್ಣರಾಜ ಒಡೆಯರು ತೆಗೆದುಕೊಂಡ ದತ್ತು ಸಲ್ಲುತ್ತದೆ, ಮೈಸೂರು ಗಾದಿ ಆ ಹುಡುಗನದೇ ಅಂತ ಅದರ ಸಾರಾಂಶ. ಕಳಿಸಿದವರು ಸರ್ ಸ್ಟಾಫರ್ಡ್ ಹೆನ್ರಿ ನಾರ್ತ್‌ಕೋಟ್, ಎಂಟನೆಯ ಬ್ಯಾರನೆಟ್.

ಮೈಸೂರಿನ ಕತೆ ಹೇಳುವಾಗ ಆಡಳಿತ ಕಿತ್ತುಕೊಂಡ ಗವರ್ನರ್ ಜನರಲ್ ಬೆಂಟಿಂಕ್ ಬರ್ತಾನೆ. ಆಮೇಲೆ ಆಡಳಿತ ನಡೆಸಿದ ಕಮಿಷನರ್ ಕಬ್ಬನ್ ಹೆಸರಲ್ಲಂತೂ ಪಾರ್ಕೇ ಇದೆ. ನಾರ್ತ್‌ಕೋಟ್ ಮಾತ್ರ ಅಡಿಟಿಪ್ಪಣಿಯಲ್ಲೇ ಉಳಿದುಬಿಟ್ಟ. ನನ್ನ ತಕರಾರು ಅದೇ. ಅವನ ಸ್ವಂತ ಮನೆತನದ ಕಾನೂನು ಗೊತ್ತಿಲ್ಲದೆ ಆ ಪತ್ರದ ತಮಾಷೆ ಅರ್ಥವಾಗೋದಿಲ್ಲ.

ಮೊದಲು ಬ್ಯಾರನೆಟ್ ಅಂದರೆ ಏನು ನೋಡಿ. 1611ರಲ್ಲಿ ಒಂದನೇ ಜೇಮ್ಸ್ ದೊರೆ ದುಡ್ಡಿಗಾಗಿ ಹುಟ್ಟಿಸಿದ ಪದವಿ ಇದು. ಐರ್ಲೆಂಡಿನ ಅಲ್‌ಸ್ಟರ್‌ನಲ್ಲಿ 30 ಸಿಪಾಯಿಗಳನ್ನು 3 ವರ್ಷ ಸಾಕುವಷ್ಟು ಹಣ ಕೊಟ್ಟವನಿಗೆ ಪದವಿ. ಒಬ್ಬ ಸಿಪಾಯಿಗೆ ದಿನಕ್ಕೆ 8 ಪೆನ್ನಿ. 30 ಜನಕ್ಕೆ 240 ಪೆನ್ನಿ, ಅಂದರೆ ಆಗಿನ ಲೆಕ್ಕಕ್ಕೆ ಸರಿಯಾಗಿ ಒಂದು ಪೌಂಡು. 3 ವರ್ಷಕ್ಕೆ 1095 ದಿನ, ಹಾಗಾಗಿ ಬೆಲೆ 1095 ಪೌಂಡು. ವಂಶಗೌರವಕ್ಕೆ ಇಷ್ಟು ಚೊಕ್ಕ ರಸೀದಿ ಬೇರೆಲ್ಲೂ ಸಿಗಲಿಕ್ಕಿಲ್ಲ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ವಿಶ್ವೇಶ್ವರಯ್ಯನವರೂ ಸರ್, ನಾರ್ತ್‌ಕೋಟನೂ ಸರ್. ಆದರೆ ವಿಶ್ವೇಶ್ವರಯ್ಯನವರದು ನೈಟ್ ಪದವಿ, ಆಯುಷ್ಯ ಇರೋತನಕ ಮಾತ್ರ. ಬ್ಯಾರನೆಟ್ಟನ ಸರ್ ಹಾಗಲ್ಲ, ಹಿರಿಮಗನಿಗೆ ಹೋಗುತ್ತದೆ. ಹಾಗಂತ ಅವನು ಲಾರ್ಡ್ ಅಲ್ಲ. ಮೇಲ್ಮನೆಯಲ್ಲಿ ಕುರ್ಚಿ ಇಲ್ಲ, ಕಾಮನ್ಸ್ ಸಭೆಗೆ ಹೋಗಬೇಕಾದರೆ ಚುನಾವಣೆಗೆ ನಿಲ್ಲಬೇಕು.

ನಾರ್ತ್‌ಕೋಟರದು ಡೆವನ್ ಜಿಲ್ಲೆ. ಅವರಿಗೆ ಪದವಿ ಬಂದದ್ದು 1641ರಲ್ಲಿ, ಸರ್ ಜಾನ್ ಅನ್ನೋನಿಗೆ. ಕೊಟ್ಟವನು ಒಂದನೇ ಚಾರ್ಲ್ಸ್. ಮರುವರ್ಷ ಅಂತರ್ಯುದ್ಧ ಶುರುವಾದಾಗ ಈ ಜಾನ್ ನಿಂತದ್ದು ಪಾರ್ಲಿಮೆಂಟಿನ ಕಡೆ. ಪದವಿ ಕೊಟ್ಟ ದೊರೆಗೇ ತಿರುಗಿಬಿದ್ದ ಮನೆತನ. ಆಮೇಲೆ ಐದನೆಯ ಬ್ಯಾರನೆಟ್ ಹೆನ್ರಿ, ಎಕ್ಸೆಟರ್ ಊರಿನ ಹತ್ತಿರದ ಪೈನ್ಸ್ ಬಂಗಲೆಯ ಒಬ್ಬಳೇ ವಾರಸುದಾರಳನ್ನು ಮದುವೆಯಾದ. ಅವಳ ತಂದೆ ಹ್ಯೂ ಸ್ಟಾಫರ್ಡ್, ಸೈಡರ್ ಅನ್ನೋ ಮದ್ಯ ಮಾಡುವ ಸೇಬಿನ ಬಗ್ಗೆ ಬರೆದು ಹೆಸರಾದವನು. ಮನೆ ಬಂತು, ಜಮೀನು ಬಂತು, ಜೊತೆಗೆ ಸ್ಟಾಫರ್ಡ್ ಅನ್ನೋ ಹೆಸರೂ ಬಂತು.

ಆ ಹೆಸರೇ ಮುಂದೆ ತಲೆನೋವು. ಏಳನೆಯವನು ಸ್ಟಾಫರ್ಡ್ ಹೆನ್ರಿ, ಅವನ ಮಗ ಹೆನ್ರಿ ಸ್ಟಾಫರ್ಡ್, ಮೊಮ್ಮಗ ಮತ್ತೆ ಸ್ಟಾಫರ್ಡ್ ಹೆನ್ರಿ. ವಂಶವೃಕ್ಷ ಬರೆಯುವವರು ಅಜ್ಜನ ಕೆಲಸವನ್ನು ಮೊಮ್ಮಗನ ತಲೆಗೆ ಕಟ್ಟಿಬಿಡ್ತಾರೆ. ಹೆಸರು ನಂಬಬೇಡಿ, ಇಸವಿ ಹಿಡಿಯಿರಿ. ನಡುವಿನ ಹೆನ್ರಿ ಸ್ಟಾಫರ್ಡ್ 1850ರಲ್ಲಿ ತೀರಿಕೊಂಡ, ಅವನ ಅಪ್ಪ ಮರುವರ್ಷ. ಹಾಗಾಗಿ ಅವನು ಬ್ಯಾರನೆಟ್ ಆಗಲೇ ಇಲ್ಲ, ಪದವಿ ಅಜ್ಜನಿಂದ ನೇರ ಮೊಮ್ಮಗನಿಗೆ ಬಂತು. ಇನ್ನೊಂದು ಕಡೆ, ಮೂರನೆಯವನೂ ನಾಲ್ಕನೆಯವನೂ ಅಣ್ಣತಮ್ಮಂದಿರು. ಒಂದೇ ತಲೆಮಾರಿಗೆ ಎರಡು ನಂಬರು, ಇನ್ನೊಂದು ತಲೆಮಾರಿಗೆ ಸೊನ್ನೆ. ಕಳೆದು ಕೂಡಿ ಎಂಟನೆಯ ಬ್ಯಾರನೆಟ್ ಎಂಟನೆಯ ತಲೆಮಾರಿನವನೇ ಆಗಿರೋದು ಬರೀ ಕಾಕತಾಳೀಯ. ಬೇರೆ ಮನೆತನದಲ್ಲಿ ಈ ಲೆಕ್ಕ ಹಾಕೋಕೆ ಹೋದರೆ ಕೈಕೊಡುತ್ತದೆ.

ನಮ್ಮ ನಾರ್ತ್‌ಕೋಟ್ ಹುಟ್ಟಿದ್ದು 1818ರಲ್ಲಿ. ಈಟನ್, ಆಮೇಲೆ ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜು. ಮುಂದೆ ಪ್ರಧಾನಿಯಾದ ಗ್ಲ್ಯಾಡ್‌ಸ್ಟನ್‌ಗೆ ಖಾಸಗಿ ಕಾರ್ಯದರ್ಶಿಯಾಗಿ ದುಡಿದ. ಮುಂದೆ ಅದೇ ಗ್ಲ್ಯಾಡ್‌ಸ್ಟನ್ ಎದುರು ವಿರೋಧಪಕ್ಷದ ಸಾಲಿನಲ್ಲಿ ಕೂರಬೇಕಾಯಿತು, ಅದೂ ಒಂದು ವಿಚಿತ್ರ.

1853ರ ನವೆಂಬರಿನಲ್ಲಿ ಖಜಾನೆ ಇಲಾಖೆಯ ಹಿರಿಯ ಅಧಿಕಾರಿ ಸರ್ ಚಾರ್ಲ್ಸ್ ಟ್ರೆವೆಲ್ಯನ್ ಜೊತೆ ಒಂದು ವರದಿ ಬರೆದ. ಬ್ರಿಟಿಷ್ ಸರ್ಕಾರಿ ಕಚೇರಿಗಳಿಗೆ ಆಗ ಜನ ಸೇರ್ತಿದ್ದದ್ದು ಶಿಫಾರಸಿನಿಂದ. ಯಾರದೋ ಅಳಿಯ, ಯಾರದೋ ತಂಗಿಯ ಮಗ. ಸೋಮಾರಿಗಳಿಗೂ ಕೈಲಾಗದವರಿಗೂ ಈ ನೌಕರಿ ಆಸರೆ ಆಗಿದೆ ಅಂತ ವರದಿ ಮುಲಾಜಿಲ್ಲದೆ ಬರೆಯಿತು. ಸ್ಪರ್ಧಾತ್ಮಕ ಪರೀಕ್ಷೆ ಇಡಿ, ಬುದ್ಧಿ ಬೇಕಾದ ಕೆಲಸವನ್ನೂ ನಕಲು ತೆಗೆಯುವ ಕೆಲಸವನ್ನೂ ಬೇರೆ ಮಾಡಿ, ಬಡ್ತಿ ಯೋಗ್ಯತೆ ನೋಡಿ ಕೊಡಿ. ಇಷ್ಟೇ. 1855ರಲ್ಲಿ ಸಿವಿಲ್ ಸರ್ವಿಸ್ ಕಮಿಷನ್ ಬಂತು, ಆದರೆ ಎಲ್ಲರಿಗೂ ತೆರೆದ ಪರೀಕ್ಷೆ ಬಹುಪಾಲು ಇಲಾಖೆಗಳಲ್ಲಿ ಜಾರಿಯಾಗಲು 1870 ಆಯಿತು. ಐಎಎಸ್‌ಗೆ ಓದುವವರು ಒಂದು ಗಮನಿಸಿ: ಬ್ರಿಟಿಷರ ಕಾಲದ ಐಸಿಎಸ್ ಪರೀಕ್ಷೆಯ ಮೂಲ 1854ರ ಮೆಕಾಲೆ ಸಮಿತಿ. ಎರಡೂ ಒಂದೇ ಹೊತ್ತಿನವು, ಆದರೆ ಎರಡೂ ಒಂದೇ ಅಲ್ಲ.

ವಂಶಪಾರಂಪರ್ಯದ ಪದವಿ ಹೊತ್ತವನೇ ವಂಶ ನೋಡಿ ಕೆಲಸ ಕೊಡಬೇಡಿ ಅಂದ. ಈಗ ಮೈಸೂರಿಗೆ ಬನ್ನಿ.

ನಗರ ಸೀಮೆಯ ರೈತರ ದಂಗೆಯ ನೆಪದಲ್ಲಿ 1831ರಲ್ಲಿ ಮೈಸೂರಿನ ಆಡಳಿತ ಇಂಗ್ಲಿಷರ ಕೈಗೆ ಹೋಗಿತ್ತು. ಮುಮ್ಮಡಿಯವರು ದೊರೆ ಹೌದು, ಅಧಿಕಾರ ಮಾತ್ರ ಇಲ್ಲ. 1857ರ ನಂತರ ಗವರ್ನರ್ ಜನರಲ್ ಕ್ಯಾನಿಂಗ್ ರಾಜರುಗಳಿಗೆ ಹಂಚಿದ ದತ್ತು ಸನದು, ಅಂದರೆ ದತ್ತುಮಗನಿಗೂ ಗಾದಿ ಸಲ್ಲುತ್ತದೆ ಅನ್ನೋ ಭರವಸೆ ಪತ್ರ, ಮೈಸೂರಿಗೆ ಬರಲಿಲ್ಲ, ಯಾಕಂದರೆ ಅವರು ಆಳುತ್ತಿಲ್ಲವಲ್ಲ! ಆದರೂ 1865ರ ಜೂನ್‌ನಲ್ಲಿ ಬೆಟ್ಟದಕೋಟೆ ಅರಸು ಮನೆತನದ ಎರಡು ವರ್ಷದ ಮಗು ಚಾಮರಾಜೇಂದ್ರರನ್ನು ಅವರು ದತ್ತು ತೆಗೆದುಕೊಂಡರು. ಗವರ್ನರ್ ಜನರಲ್ ಲಾರೆನ್ಸ್ ಒಪ್ಪಲಿಲ್ಲ. ಲಂಡನ್ನಿನಲ್ಲಿ ಇಂಡಿಯಾ ಮಂತ್ರಿಯಾಗಿದ್ದ ಸರ್ ಚಾರ್ಲ್ಸ್ ವುಡ್ ಕೂಡ ಒಪ್ಪಲಿಲ್ಲ. ಅಂದಹಾಗೆ ವುಡ್ ಕೂಡ ಬ್ಯಾರನೆಟ್ಟೇ.

1867ರ ಮಾರ್ಚ್‌ನಲ್ಲಿ ಮತದಾನ ಸುಧಾರಣೆಯ ಜಗಳದಲ್ಲಿ ಇಂಡಿಯಾ ಮಂತ್ರಿ ಲಾರ್ಡ್ ಕ್ರ್ಯಾನ್‌ಬೋರ್ನ್ ಆ ಆಫೀಸ್ ಬಿಟ್ಟು ನಡೆದ. ಆ ಕುರ್ಚಿಗೆ ನಾರ್ತ್‌ಕೋಟ್ ಬಂದ. ಒಂದೂವರೆ ತಿಂಗಳೊಳಗೆ ಆ ಪತ್ರ ಹೊರಟಿತು. ಅದನ್ನು ಬರೀ ಔದಾರ್ಯ ಅಂತ ಓದಬೇಡಿ. ಹುಡುಗ ಚಿಕ್ಕವನಿರುವಾಗಲೇ ಮಹಾರಾಜರು ತೀರಿಕೊಂಡರೆ ಆಡಳಿತ ಹುಡುಗನ ಹೆಸರಲ್ಲಿ, ಆದರೆ ಇಂಗ್ಲಿಷರ ಪದ್ಧತಿಯಲ್ಲೇ ನಡೆಯಬೇಕು. ವಯಸ್ಸಿಗೆ ಬಂದ ಮೇಲೂ ಯೋಗ್ಯತೆ ನೋಡಿ, ಹೊಸ ಷರತ್ತು ಹಾಕಿ ಕೊಡಬೇಕು. ನೋಡಿದಿರಾ, ಇಲ್ಲೂ ಪರೀಕ್ಷೆ! ಹುಟ್ಟಿಗೆ ಗಾದಿ, ಯೋಗ್ಯತೆಗೆ ಆಡಳಿತ. 1853ರ ವರದಿ ಬರೆದ ಕೈಯೇ ಇದು ಅಂತ ನನಗನ್ನಿಸುತ್ತದೆ. 1868ರ ಮಾರ್ಚ್‌ನಲ್ಲಿ ಮುಮ್ಮಡಿಯವರು ತೀರಿಕೊಂಡರು. ಆ ಪತ್ರ ಒಂದು ವರ್ಷ ತಡವಾಗಿದ್ದರೆ ಗತಿ ಏನಾಗುತ್ತಿತ್ತೋ. 1881ರ ಮಾರ್ಚ್ 25ರಂದು ರಾಜ್ಯ ಚಾಮರಾಜೇಂದ್ರರ ಕೈಸೇರಿತು.

ಅವನ ಉಳಿದ ರಾಜಕೀಯ ಬೇಗ ಮುಗಿಸ್ತೀನಿ. 1874ರಿಂದ 1880ರವರೆಗೆ ಹಣಕಾಸು ಮಂತ್ರಿ. ರಾಷ್ಟ್ರೀಯ ಸಾಲಕ್ಕೆ ವರ್ಷಕ್ಕೆ 2 ಕೋಟಿ 80 ಲಕ್ಷ ಪೌಂಡ್ ಕಡ್ಡಾಯವಾಗಿ ತೆಗೆದಿಡುವ ಪದ್ಧತಿ ತಂದ. ಆಮೇಲೆ ಕಾಮನ್ಸ್‌ನಲ್ಲಿ ಪಕ್ಷದ ನಾಯಕನಾದಾಗ ಸ್ವಪಕ್ಷದ ರ‍್ಯಾಂಡಾಲ್ಫ್ ಚರ್ಚಿಲ್ ಗುಂಪು ಅವನನ್ನು ಹುರಿದು ಮುಕ್ಕಿತು. ಗಡ್ಡ ನೋಡಿ ಇಟ್ಟ ಅಡ್ಡಹೆಸರು ಹೋತ. ಮೆತ್ತಗಿನ ಮನುಷ್ಯ, ತಿರುಗಿ ಬೈಯಲಿಲ್ಲ. 1885ರಲ್ಲಿ ಇಡ್ಸ್‌ಲಿಯ ಅರ್ಲ್, ಅಂದರೆ ಲಾರ್ಡ್, ಮಾಡಿ ಮೇಲ್ಮನೆಗೆ ಸಾಗಹಾಕಿದರು. 1887ರ ಜನವರಿಯಲ್ಲಿ ತನ್ನ ಕೈಲಿದ್ದ ವಿದೇಶಾಂಗ ಖಾತೆ ಕೈತಪ್ಪಿದ್ದು ಅವನಿಗೆ ಗೊತ್ತಾದದ್ದು ಪತ್ರಿಕೆ ಓದಿ. 12ನೇ ತಾರೀಖು ಪ್ರಧಾನಿಯನ್ನು ಕಾಣಲು ಡೌನಿಂಗ್ ಸ್ಟ್ರೀಟ್‌ಗೆ ಹೋದವನು ಅಲ್ಲೇ ಕುಸಿದು ಪ್ರಾಣ ಬಿಟ್ಟ. ಆ ಪ್ರಧಾನಿ ಸ್ಯಾಲಿಸ್‌ಬರಿ, ಅಂದರೆ 1867ರಲ್ಲಿ ಕುರ್ಚಿ ಬಿಟ್ಟುಕೊಟ್ಟ ಅದೇ ಕ್ರ್ಯಾನ್‌ಬೋರ್ನ್.

ಇನ್ನು ಆ ತಮಾಷೆ. ಬ್ಯಾರನೆಟ್ ಪದವಿಯ ಸನ್ನದಿನಲ್ಲಿ ಸಾಮಾನ್ಯವಾಗಿ ಬರೆದಿರೋದು, ಮದುವೆಯಲ್ಲಿ ಹುಟ್ಟಿದ ಗಂಡು ಸಂತಾನಕ್ಕೆ ಮಾತ್ರ ಅಂತ. ದತ್ತುಮಗ ಮನೆ ಪಡೆಯಬಹುದು, ಜಮೀನು ಪಡೆಯಬಹುದು, ಪದವಿ ಮಾತ್ರ ಇಲ್ಲ. ನಾರ್ತ್‌ಕೋಟನ ಹಿರಿಮಗ 1927ರಲ್ಲಿ ತೀರಿಕೊಂಡಾಗ ಅವನ ಗಂಡುಮಕ್ಕಳು ಯಾರೂ ಉಳಿದಿರಲಿಲ್ಲ. ತಮ್ಮನ ಮೊಮ್ಮಗನವರೆಗೆ ಹುಡುಕಿಕೊಂಡು ಹೋಗಿ ಪದವಿ ಒಪ್ಪಿಸಬೇಕಾಯಿತು.

ಎರಡನೆಯ ಮಗ ಹೆನ್ರಿ 1900ರಲ್ಲಿ ಬೊಂಬಾಯಿ ಗವರ್ನರ್ ಆಗಿ ಬಂದ. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಎಲ್ಲ ಅವನ ಆಡಳಿತಕ್ಕೇ ಸೇರಿದ್ದವು. ಹಾಗೆ ಅಪ್ಪನ ಪತ್ರ ಹಳೆ ಮೈಸೂರಿಗೆ, ಮಗನ ರುಜು ಮುಂಬಯಿ ಕರ್ನಾಟಕಕ್ಕೆ. ಅವನಿಗೆ ಮಕ್ಕಳಿರಲಿಲ್ಲ, 1911ರಲ್ಲಿ ಅವನ ಬ್ಯಾರನ್ ಪದವಿ (ಇದು ಬ್ಯಾರನೆಟ್ ಅಲ್ಲ, ಲಾರ್ಡ್ ಪದವಿ) ಅವನ ಜೊತೆಗೇ ಹೋಯಿತು. ಹೆಂಡತಿ ಆಲಿಸ್, ಕೆನಡಾ ರೈಲ್ವೆಯ ದೊಡ್ಡ ಕುಳ ಲಾರ್ಡ್ ಮೌಂಟ್ ಸ್ಟೀಫನ್ ಅವರ ದತ್ತುಮಗಳು. 1921ರಲ್ಲಿ ಆ ಮುದುಕ ತೀರಿಕೊಂಡಾಗ ಅವರ ಬ್ಯಾರನೆಟ್ ಪದವಿಯೂ ಬ್ಯಾರನ್ ಪದವಿಯೂ ಅಳಿದುಹೋದವು. ಆ ಹೊತ್ತಿಗೆ ಮೈಸೂರಿನಲ್ಲಿ ಆಳುತ್ತಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು, ದತ್ತುಮಗ ಚಾಮರಾಜೇಂದ್ರರ ಮಗ.