ಚೀಟಿ ಬರ್ಕೊಟ್ರೆ ಸಾಲಲ್ಲ, ಜೊತೆಗೆ ಹೋಗ್ಬೇಕು: ಹೆಚ್‌ಐವಿ ಕೆಲಸದ ಬಗ್ಗೆ ನರ್ಸಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು

ಎಲ್ರಿಗೂ ನಮಸ್ಕಾರ. ಪ್ರಿನ್ಸಿಪಾಲ್ ಮೇಡಮ್ ಫೋನ್ ಮಾಡಿ ಡಿಸೆಂಬರ್ 1ಕ್ಕೆ, ಏಡ್ಸ್ ದಿನಕ್ಕೆ ಬನ್ನಿ, ಮಕ್ಕಳ ಹತ್ರ ಹೆಚ್‌ಐವಿ ಬಗ್ಗೆ ಮಾತಾಡಿ ಅಂದಾಗ ನಾನು ಮೊದಲು ಕೇಳಿದ್ದು ವೈರಸ್ ಪಾಠ ಆಗಿದ್ಯಾ ಅಂತ. ಆಗಿದೆ ಅಂದ್ರು, ಒಳ್ಳೇದಾಯ್ತು. ಹಂಗಾದ್ರೆ ಸಿಡಿ4, ವೈರಲ್ ಲೋಡ್, ವಿಂಡೋ ಪೀರಿಯಡ್ ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತೆ. ನಾನು ಇವತ್ತು ಬೀದಿಲಿ, ಬಸ್ ಸ್ಟ್ಯಾಂಡಲ್ಲಿ, ಹೆಚ್‌ಐವಿ ಮಾತ್ರೆ ಕೊಡೋ ಎಆರ್‌ಟಿ ಸೆಂಟರ್ ಕ್ಯೂನಲ್ಲಿ ನೋಡಿದ್ದನ್ನ ಹೇಳ್ತೀನಿ.

ನಾನು ಈ ಕೆಲಸಕ್ಕೆ ಸೇರಿದ್ದು 2006ರಲ್ಲಿ, ಒಂದು ತಾಲ್ಲೂಕು ಆಸ್ಪತ್ರೆಲಿ ಕೌನ್ಸೆಲರ್ ಆಗಿ, ಹೆಚ್‌ಐವಿ ಟೆಸ್ಟ್ ಮಾಡಿ ಸಲಹೆ ಕೊಡೋ, ಈಗ ಐಸಿಟಿಸಿ ಅಂತೀವಲ್ಲ ಆ ರೂಮಿನಲ್ಲಿ. ಸೇರಿ ಮೂರ್ನಾಕು ತಿಂಗಳಿಗೆ ಒಬ್ಬರು ಹೆಂಗಸು ಬಂದ್ರು, ಮೂವತ್ತು ತುಂಬಿರಲಿಲ್ಲ, ಗಂಡ ತೀರ್ಕೊಂಡು ಆರು ತಿಂಗಳಾಗಿತ್ತು, ಅತ್ತೆ ಮನೇಲಿ "ನನ್ ಮಗನ್ನ ನುಂಗ್ಕೊಂಡೋಳು" ಅಂತ ದಿನಾ ಅನ್ನಿಸ್ಕೊಂಡು ತಡಿಯಕ್ಕಾಗದೆ ತವರಿಗೆ ಬಂದಿದ್ರು. ರಿಪೋರ್ಟ್ ಪಾಸಿಟಿವ್ ಬಂತು. ಟ್ರೈನಿಂಗ್‌ನಲ್ಲಿ ಹೇಳ್ಕೊಟ್ಟಂಗೆ ನಾನು ಎಲ್ಲಾ ಹೇಳ್ದೆ, ಧೈರ್ಯ ತುಂಬಿದೆ, ಮಾತ್ರೆ ಫ್ರೀ ಸಿಗುತ್ತೆ ಅಂದೆ (2004ರ ಏಪ್ರಿಲ್ 1ರಿಂದ ಸರ್ಕಾರ ಫ್ರೀಯಾಗಿ ಕೊಡೋಕೆ ಶುರು ಮಾಡಿತ್ತು), ದೊಡ್ಡಾಸ್ಪತ್ರೆಗೆ ಚೀಟಿ ಬರ್ಕೊಟ್ಟೆ, ರಿಜಿಸ್ಟರ್‌ನಲ್ಲಿ ರೆಫರ್ ಮಾಡಿದೆ ಅಂತ ಎಂಟ್ರಿ ಹಾಕ್ದೆ. ರಿಜಿಸ್ಟರ್ ಪ್ರಕಾರ ನನ್ನ ಕೆಲಸ ಮುಗೀತು. ಎಂಟು ತಿಂಗಳಾದ್ಮೇಲೆ ಅದೇ ಹೆಂಗಸು ನಮ್ಮ ಆಸ್ಪತ್ರೆಗೆ ವಾಪಸ್ ಬಂದಾಗ ಟಿಬಿ ಆಗಿತ್ತು, ಕೈಕಾಲು ಕಡ್ಡಿ ಆಗಿತ್ತು, ಬಳೆ ಮೊಣಕೈ ತನಕ ಜಾರೋದು. ಯಾಕಮ್ಮಾ ಹೋಗ್ಲಿಲ್ವಾ ಅಂದೆ. ಎರಡು ಸಲ ಹೋಗಿದ್ದೆ ಮೇಡಮ್, ಅಂದ್ರು. ಮೊದಲನೇ ಸಲ ಯಾವ ರೂಮು ಅಂತ ಗೇಟಲ್ಲಿ ಕೇಳಿದ್ದಕ್ಕೆ ಅಲ್ಲಿದ್ದೋನು ಚೀಟಿ ಇಸ್ಕೊಂಡು "ಓ ಏಡ್ಸಾ, ಹಿಂದ್ಗಡೆ ಹೋಗು" ಅಂತ ಜೋರಾಗಿ ಹೇಳಿದ್ನಂತೆ, ಪಕ್ಕದಲ್ಲೇ ಅವರ ಊರಿನೋರೊಬ್ರು ನಿಂತಿದ್ರಂತೆ, ಹಂಗೇ ಬಸ್ ಹತ್ತಿ ಬಂದುಬಿಟ್ರಂತೆ. ಎರಡನೇ ಸಲ ಗೇಟಿನ ತನಕ ಹೋದೆ, ಒಳಗೆ ಹೋಗೋಕೆ ಕಾಲೇ ಬರ್ಲಿಲ್ಲ ಅಂದ್ರು.

ಆಮೇಲೆ ಅವರನ್ನ ಎಆರ್‌ಟಿ ಸೆಂಟರ್‌ಗೆ ಕರ್ಕೊಂಡು ಹೋಗಿದ್ದು ನಾನಲ್ಲ. ಪಾಸಿಟಿವ್ ಇರೋರದ್ದೇ ಒಂದು ಸಂಘದಲ್ಲಿದ್ದ ಒಬ್ರು ಅಕ್ಕ, ಎಂಟನೇ ಕ್ಲಾಸು ಓದಿದೋರು. ಬೆಳಿಗ್ಗೆ ಆರೂವರೆ ಬಸ್ಸಿಗೆ ಬಂದು ಪಕ್ಕದಲ್ಲಿ ಕೂತ್ಕೊಂಡು ಅವರು ಹೇಳಿದ್ದು ಒಂದೇ ಮಾತಂತೆ, "ನಂಗೂ ಐತೆ ಕಣವ್ವ, ನಾಕು ವರ್ಷ ಆಯ್ತು, ನೋಡು ಹೆಂಗಿದೀನಿ." ಆ ಹೆಂಗಸು ಇವತ್ತಿಗೂ ಮಾತ್ರೆ ತಗೊಳ್ತಿದ್ದಾರೆ, ಮಗಳ ಮದುವೆ ಮಾಡಿದ್ದಾರೆ. ನಾನು ಎಂಎಸ್‌ಡಬ್ಲ್ಯೂ ಓದಿ ಬಂದು ಮುಕ್ಕಾಲು ಗಂಟೆ ಹೇಳಿದ್ದು ಮಾಡದೇ ಇದ್ದ ಕೆಲಸನ ಆ ಒಂದು ಮಾತು ಮಾಡ್ತು. ಇಷ್ಟು ವರ್ಷ ನಾನು ಮತ್ತೆ ಮತ್ತೆ ನೋಡಿರೋದು ಇದನ್ನೇ, ಇವತ್ತು ನಾನು ಹೇಳ್ಬೇಕು ಅಂತ ಬಂದಿರೋದೂ ಇದನ್ನೇ.

ಸ್ವಲ್ಪ ಹಿಂದಕ್ಕೆ ಹೋಗೋಣ. ಭಾರತದಲ್ಲಿ ಹೆಚ್‌ಐವಿ ಮೊದಲು ಪತ್ತೆ ಆಗಿದ್ದು 1986ರಲ್ಲಿ ಚೆನ್ನೈನಲ್ಲಿ, ಡಾ. ಸುನೀತಿ ಸೊಲೊಮನ್ ಅವರ ತಂಡ ಲೈಂಗಿಕ ಕಾರ್ಯಕರ್ತೆಯರ ರಕ್ತ ಪರೀಕ್ಷೆ ಮಾಡ್ದಾಗ. 1992ರಲ್ಲಿ ಹೆಚ್‌ಐವಿ ಕೆಲಸ ನೋಡ್ಕೊಳ್ಳೋಕೆ ಕೇಂದ್ರ ಸರ್ಕಾರದ ನ್ಯಾಕೋ ಸಂಸ್ಥೆ ಬಂತು. ಆಗಿನ ಪೋಸ್ಟರ್‌ಗಳು ನೆನಪಿರೋರು ಇಲ್ಲಿ ಲೆಕ್ಚರರ್‌ಗಳಲ್ಲಿ ಇರಬಹುದು, ತಲೆಬುರುಡೆ, ಅಸ್ಥಿಪಂಜರ, ಮಾರಿ ಬಂದಂಗೆ. ಜನ ಹೆದರಿದ್ರು ನಿಜ, ಆದ್ರೆ ಹೆದರಿದೋರು ಟೆಸ್ಟ್‌ಗೆ ಬರ್ಲಿಲ್ಲ, ಬಚ್ಚಿಟ್ಕೊಂಡ್ರು. ಆ ಪೋಸ್ಟರ್‌ಗಳು ಮಾಡಿದ ಡ್ಯಾಮೇಜನ್ನ ನಾವು ಇವತ್ತಿಗೂ ಸರಿ ಮಾಡ್ತಾನೇ ಇದೀವಿ ಅಂತ ನನಗನ್ನಿಸುತ್ತೆ.

ಅದೇ 1992ರಲ್ಲಿ ಕೋಲ್ಕತ್ತದಲ್ಲಿ ಲೈಂಗಿಕ ಕಾರ್ಯಕರ್ತೆಯರು ಇರೋ ಸೋನಾಗಾಚಿಲಿ ಡಾ. ಸ್ಮರಜಿತ್ ಜನಾ ಅನ್ನೋರು ಬೇರೆ ದಾರಿ ಹಿಡಿದ್ರು, ಅಲ್ಲಿನ ಹೆಣ್ಮಕ್ಕಳನ್ನೇ ಪೀರ್ ಎಜುಕೇಟರ್, ಅಂದ್ರೆ ತಮ್ಮಂಥೋರಿಗೆ ತಾವೇ ತಿಳಿಹೇಳೋರು ಮಾಡಿದ್ರು, 1995ಕ್ಕೆ ಆ ಹೆಣ್ಮಕ್ಕಳು ದುರ್ಬಾರ್ ಅಂತ ಅವರದ್ದೇ ಸಂಘಟನೆ ಕಟ್ಕೊಂಡ್ರು. ನಮಗೆ ಇನ್ನೂ ಹತ್ರದ್ದು ಮಹಾರಾಷ್ಟ್ರದ ಸಾಂಗ್ಲಿ. ಅಲ್ಲಿ 1992ರಲ್ಲಿ ಮೀನಾ ಸೇಷು ಅವರು ಸಂಗ್ರಾಮ್ ಅನ್ನೋ ಸಂಸ್ಥೆ ಶುರು ಮಾಡಿದ್ರು, 1996ರಲ್ಲಿ ಅಲ್ಲಿನ ಲೈಂಗಿಕ ಕಾರ್ಯಕರ್ತೆಯರದ್ದೇ ವ್ಯಾಂಪ್ ಅನ್ನೋ ಸಂಘ ಆಯ್ತು, ಅದರಲ್ಲಿರೋ ಎಷ್ಟೋ ಜನ ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯಿಂದ ಹೋದ ಕನ್ನಡದ ಹೆಣ್ಮಕ್ಕಳು, ದೇವದಾಸಿ ಮನೆತನದೋರು. ದೇವದಾಸಿ ಬಿಡೋದನ್ನ ನಿಷೇಧ ಮಾಡಿ ನಮ್ಮಲ್ಲಿ 1982ರಲ್ಲೇ ಕಾನೂನು ಬಂದಿತ್ತು, ಆದ್ರೂ 2000ದ ನಂತರ ಕರ್ನಾಟಕದಲ್ಲಿ ಮಾಡಿದ ಒಂದು ಸರ್ವೇಲಿ ಮಾತಾಡಿಸಿದ 1588 ಲೈಂಗಿಕ ಕಾರ್ಯಕರ್ತೆಯರಲ್ಲಿ 414 ಜನ ಈ ಪದ್ಧತಿಯಿಂದಲೇ ಬಂದೋರಾಗಿದ್ರು.

ಈಗ ನಮ್ಮ ಮೈಸೂರಿನ ಕಥೆ, ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಕರ್ನಾಟಕ ಆಗ ದೇಶದಲ್ಲಿ ಹೆಚ್‌ಐವಿ ಜಾಸ್ತಿ ಇದ್ದ ಆರು ರಾಜ್ಯಗಳಲ್ಲಿ ಒಂದು. 2003ರಲ್ಲಿ ಹೆಚ್‌ಐವಿ ತಡೆಯೋಕೆ ಗೇಟ್ಸ್ ಫೌಂಡೇಶನ್‌ನ ಆವಾಹನ್ ಪ್ರಾಜೆಕ್ಟ್ ಬಂತು, 2004ರಲ್ಲಿ ಮೈಸೂರಲ್ಲಿ ಕೆಲಸ ಶುರುವಾಯ್ತು. ಸೋನಾಗಾಚಿಲಿ ಒಂದು ಏರಿಯಾ ಇದೆ, ಮನೆಗಳಿವೆ, ಅಲ್ಲಿಗೆ ಹೋದ್ರೆ ಜನ ಸಿಗ್ತಾರೆ. ಮೈಸೂರಲ್ಲಿ ಹಂಗಿಲ್ಲ. ಇಲ್ಲಿ ಬಸ್ ಸ್ಟ್ಯಾಂಡು, ಸರ್ಕಲ್ಲು, ಲಾಡ್ಜು, ಪಾರ್ಕು, ಸಂಜೆ ಬರ್ತಾರೆ ರಾತ್ರಿ ಹೋಗ್ತಾರೆ, ಬೆಳಿಗ್ಗೆ ಅದೇ ಹೆಂಗಸು ಮನೆಗೆಲಸಕ್ಕೋ ಗಾರೆ ಕೆಲಸಕ್ಕೋ ಹೋಗ್ತಿರ್ತಾರೆ, ಮನೆಯೋರಿಗೂ ಗೊತ್ತಿರಲ್ಲ. ಅವರನ್ನ ಹುಡುಕೋದು ಹೆಂಗೆ? ನನ್ನಂಥೋಳು ಬ್ಯಾಡ್ಜ್ ಹಾಕ್ಕೊಂಡು ಹೋಗಿ ನಿಂತ್ರೆ ಅರ್ಧ ನಿಮಿಷದಲ್ಲಿ ಜಾಗ ಖಾಲಿ. ಅಲ್ಲಿ ನಿಲ್ಲೋರಿಗೆ ಮಾತ್ರ ಅಲ್ಲಿ ಯಾರು ನಿಲ್ತಾರೆ ಅಂತ ಗೊತ್ತಿರೋದು.

ಒಬ್ರು ಪೀರ್ ಜೊತೆ ನಾನು ಒಂದು ಸಂಜೆ ಹೋಗಿದ್ದೆ. ಅವರ ಕೈಲಿ ಒಂದು ಪ್ಲಾಸ್ಟಿಕ್ ಕವರು, ಮೇಲೆ ನಾಲ್ಕು ಮೊಳ ಮಲ್ಲಿಗೆ ಹೂವು, ಬಾಳೆ ಎಲೆ ಹಾಸಿ ಅದರ ಕೆಳಗೆ ನಿರೋಧ್ ಸ್ಟ್ರಿಪ್‌ಗಳು. ಯಾಕಕ್ಕ ಹಿಂಗೆ ಅಂದ್ರೆ, ಬ್ಯಾಗಲ್ಲಿ ಕಾಂಡೋಮ್ ಸಿಕ್ರೆ ಅದನ್ನೇ ಸಾಕ್ಷಿ ಮಾಡಿ ಸ್ಟೇಷನ್‌ಗೆ ಕರ್ಕೊಂಡು ಹೋಗ್ತಾರೆ ಮೇಡಮ್, ಹೂವಿನ ಕವರಿಗೆ ಯಾರೂ ಕೈ ಹಾಕಲ್ಲ ಅಂದ್ರು. ಯಾರಾದ್ರೂ ಬಂದ್ರೆ ಹೂವು ಮುರಿದು ಕೊಟ್ಟಂಗೆ ಎಲೆ ಸಮೇತ ಕೈಗಿಡೋರು. ಒಂದು ಗಂಟೆಲಿ ಹನ್ನೊಂದು ಜನರನ್ನ ಮಾತಾಡಿಸಿದ್ರು, ಒಬ್ಬರಿಗೆ ಮಗು ಜ್ವರ ಕೇಳಿದ್ರು, ಒಬ್ಬರಿಗೆ ಕ್ಲಿನಿಕ್‌ಗೆ ನಾಳೆ ಬಾ ಬಿಳಿಮುಟ್ಟಿಗೆ ಡಾಕ್ಟ್ರು ಮಾತ್ರೆ ಕೊಡ್ತಾರೆ ಅಂದ್ರು, ಒಬ್ಬರ ಕೈ ಮೇಲಿನ ಬಾಸುಂಡೆ ನೋಡಿ ಯಾರು ಹೊಡೆದಿದ್ದು ಅಂತ ಕೇಳಿ ಅಲ್ಲೇ ಫೋನ್ ಮಾಡಿದ್ರು. ಹೆಚ್‌ಐವಿ ಅನ್ನೋ ಪದ ಆ ಒಂದು ಗಂಟೆಲಿ ಎರಡು ಸಲನೂ ಬಂದಿರಲಿಲ್ಲ.

ಆ ಫೋನ್ ಕಾಲೇ ದೊಡ್ಡ ವಿಷಯ. ಶುರುನಲ್ಲಿ ಆ ಹೆಣ್ಮಕ್ಕಳನ್ನ ನಿಮ್ಮ ದೊಡ್ಡ ಸಮಸ್ಯೆ ಏನು ಅಂತ ಕೇಳಿದ್ರೆ ಯಾರೂ ಹೆಚ್‌ಐವಿ ಅಂತಿರಲಿಲ್ಲ. ಪೊಲೀಸ್, ರೌಡಿಗಳು, ಗಂಡ, ಮಕ್ಕಳ ಸ್ಕೂಲು, ತಲೆ ಮೇಲೆ ಸೂರು. ಹತ್ತು ವರ್ಷ ಆದ್ಮೇಲೆ ಬರೋ ಕಾಯಿಲೆಗೆ ಇವತ್ತು ರಾತ್ರಿ ಒದೆ ತಿನ್ನೋರು ಯಾಕೆ ಹೆದರ್ತಾರೆ ಹೇಳಿ. ಹಂಗಾಗಿ ರಾತ್ರಿ ಎಷ್ಟೊತ್ತಿಗೆ ಫೋನ್ ಮಾಡಿದ್ರೂ ಸ್ಟೇಷನ್‌ಗೆ ಹೋಗಿ ನಿಲ್ಲೋ ಟೀಮು ಆಯ್ತು, ಹಗಲು ಬಂದು ಸ್ನಾನ ಮಾಡಿ ನಿದ್ದೆ ಮಾಡೋಕೆ ಡ್ರಾಪ್ ಇನ್ ಸೆಂಟರ್ ಆಯ್ತು. ನನ್ನ ಕಷ್ಟಕ್ಕೆ ಬಂದೋರು ಹೇಳ್ತಿದ್ದಾರೆ ಅಂತ ಆದ್ಮೇಲೇ ಕಾಂಡೋಮ್ ಮಾತು ಕಿವಿಗೆ ಹೋಗಿದ್ದು. 2005ರ ಕೊನೆಗೆ ಅವರೇ ಆಶೋದಯ ಸಮಿತಿ ಅಂತ ಕಟ್ಕೊಂಡ್ರು, ಹೆಂಗಸರು, ಗಂಡಸರು, ಟ್ರಾನ್ಸ್‌ಜೆಂಡರ್ ಎಲ್ಲರೂ ಇರೋ ಲೈಂಗಿಕ ಕಾರ್ಯಕರ್ತರ ಸಂಘ. ಮುಂದೆ ಬೇರೆ ದೇಶದಿಂದೆಲ್ಲ ಕಲಿಯೋಕೆ ಇವರ ಹತ್ರ ಬಂದ್ರು.

ಇದರಿಂದ ಏನಾಯ್ತು ಅಂತ ಅಳೆದಿದ್ದಾರೆ. ಮೈಸೂರಲ್ಲಿ 2004ರಲ್ಲಿ ಒಂದು ಸರ್ವೇ, 2006ರಲ್ಲಿ ಇನ್ನೊಂದು. ಅಪರೂಪಕ್ಕೆ ಬರೋ ಗಿರಾಕಿ ಜೊತೆ ಕೊನೇ ಸಲ ಕಾಂಡೋಮ್ ಬಳಸಿದ್ದೀನಿ ಅಂದೋರು ಶೇ. 65ರಿಂದ 90ಕ್ಕೆ ಏರಿದ್ರು. ಸಿಫಿಲಿಸ್, ಅದೂ ಸೆಕ್ಸ್ ಮೂಲಕ ಹರಡೋ ಕಾಯಿಲೆನೇ, ಶೇ. 25 ಇದ್ದಿದ್ದು 12ಕ್ಕೆ ಇಳೀತು. ಹೆಚ್‌ಐವಿ ಮಾತ್ರ ಶೇ. 26 ಇದ್ದಿದ್ದು 24, ಅಂದ್ರೆ ಹೆಚ್ಚು ಕಮ್ಮಿ ಅಲ್ಲೇ. ಇದನ್ನ ನೋಡಿ ಕೆಲಸ ಆಗ್ಲಿಲ್ಲ ಅಂತ ಅನ್ಕೋಬೇಡಿ, ಒಂದ್ಸಲ ಬಂದ ಹೆಚ್‌ಐವಿ ವಾಸಿ ಆಗಿ ಹೋಗಲ್ಲ, ಇದ್ದೋರು ಲೆಕ್ಕದಲ್ಲಿ ಇದ್ದೇ ಇರ್ತಾರೆ, ಸಿಫಿಲಿಸ್ ಟ್ರೀಟ್ಮೆಂಟ್ ಕೊಟ್ರೆ ಹೋಗುತ್ತೆ, ಹಂಗಾಗಿ ಎರಡೇ ವರ್ಷದಲ್ಲಿ ಬದಲಾವಣೆ ಕಾಣೋದು ಅಲ್ಲೇ. ನನ್ನನ್ನ ಕಾಡೋ ನಂಬರ್ ಬೇರೆ ಇದೆ. ಗಂಡ ಅಥವಾ ಕಾಯಂ ಸಂಗಾತಿ ಜೊತೆ ಕಾಂಡೋಮ್ ಬಳಸಿದೋರು ಶೇ. 7ರಿಂದ 30 ಆದ್ರು. ಜಾಸ್ತಿ ಆಗಿದೆ ನಿಜ, ಆದ್ರೂ 70 ಜನ ಇಲ್ಲ. ದುಡ್ಡು ಕೊಟ್ಟು ಬರೋನಿಗೆ ಹಾಕ್ಕೋ ಅನ್ನೋ ಹೆಣ್ಮಗಳು ತಾಳಿ ಕಟ್ಟಿದೋನಿಗೆ ಅನ್ನೋಕಾಗಲ್ಲ, "ನನ್ ಮೇಲೆ ನಂಬಿಕೆ ಇಲ್ವಾ, ಇಲ್ಲ ನೀನೇ ಎಲ್ಲೋ ಹೋಗಿ ಬಂದ್ಯಾ" ಅಂತಾನೆ. ಯಾವ ದಂಧೆನೂ ಮಾಡದೆ ಮನೇಲೇ ಇರೋ ಹೆಂಡತಿಯರ ಕಥೆನೂ ಇದೇ, ನನ್ನ ಟೇಬಲ್ ಮುಂದೆ ಕೂತ ಹೆಂಗಸರಲ್ಲಿ ಜಾಸ್ತಿ ಜನಕ್ಕೆ ಬಂದಿದ್ದು ಗಂಡನಿಂದ. ಅವರಿಗೆ ಪೀರ್ ಯಾರು? ಇದಕ್ಕೆ ನಾವು ಇನ್ನೂ ಸರಿಯಾಗಿ ದಾರಿ ಮಾಡಿಲ್ಲ.

ಈಗ ಆರೈಕೆ ವಿಷಯ. ಮೊದಲು ಸಿಡಿ4, ಅಂದ್ರೆ ರಕ್ತದಲ್ಲಿ ರೋಗ ತಡೆಯೋ ಕಣಗಳ ಲೆಕ್ಕ, 200ಕ್ಕಿಂತ ಕೆಳಗೆ ಬಂದ್ರೆ ಮಾತ್ರ ಎಆರ್‌ಟಿ ಶುರು ಮಾಡ್ತಿದ್ರು, ಆಮೇಲೆ 350 ಆಯ್ತು, 2017ರಿಂದ ಪಾಸಿಟಿವ್ ಅಂತ ಗೊತ್ತಾದ ತಕ್ಷಣ ಕೊಡಬೇಕು ಅಂತ ಆಯ್ತು. ದಿನಾ ತಪ್ಪದೆ ತಗೊಂಡು ವೈರಲ್ ಲೋಡ್, ಅಂದ್ರೆ ರಕ್ತದಲ್ಲಿರೋ ವೈರಸ್ ಪ್ರಮಾಣ, ಟೆಸ್ಟ್‌ನಲ್ಲಿ ಸಿಗದಷ್ಟು ಕಮ್ಮಿ ಆದ್ರೆ, ಹಂಗೇ ಇದ್ರೆ, ಅವರಿಂದ ಸೆಕ್ಸ್ ಮೂಲಕ ಇನ್ನೊಬ್ಬರಿಗೆ ಹರಡಲ್ಲ. ಇದನ್ನ ಜೋರಾಗಿ ಹೇಳ್ಬೇಕು, ಎಷ್ಟೋ ಗಂಡ ಹೆಂಡತಿಗೆ ಇದು ಗೊತ್ತೇ ಇಲ್ಲ. ಆದ್ರೆ ದಿನಾ ತಪ್ಪದೆ ಅನ್ನೋದು ಹೇಳಿದಷ್ಟು ಸುಲಭ ಅಲ್ಲ. ಮಾತ್ರೆ ಡಬ್ಬಿ ನೋಡಿದ್ದೀರಾ? ಬಸ್ಸಲ್ಲಿ ಹೋಗ್ತಾ ಗಲಗಲ ಅನ್ನುತ್ತೆ. ಪಕ್ಕದೋರು ಏನದು ಅಂತ ಕೇಳ್ತಾರೆ ಅಂತ ಎಷ್ಟು ಜನ ಒಳಗೆ ಹತ್ತಿ ತುರುಕ್ತಾರೆ, ಲೇಬಲ್ ಉಗುರಲ್ಲಿ ಕೆರೆದು ಹಾಕ್ತಾರೆ, ಅಕ್ಕಿ ಡಬ್ಬದಲ್ಲಿ ಮುಚ್ಚಿಡ್ತಾರೆ. ಮದುವೆ ಮನೆಗೆ ಹೋದಾಗ ಎರಡು ದಿನ ತಗೊಳ್ಳೋದೇ ಇಲ್ಲ. ಹತ್ತಿ ತುರುಕೋ ಐಡಿಯಾ ನಮ್ಮ ಯಾವ ಗೈಡ್‌ಲೈನ್‌ನಲ್ಲೂ ನಾನು ನೋಡಿಲ್ಲ, ಮಾತ್ರೆ ತಗೊಳ್ಳೋರೇ ಒಬ್ಬರಿಗೊಬ್ಬರು ಹೇಳ್ಕೊಟ್ಟಿದ್ದು.

2020ರ ಲಾಕ್‌ಡೌನ್‌ನಲ್ಲಿ ಬಸ್ ಇಲ್ಲ, ಎಆರ್‌ಟಿ ಸೆಂಟರ್‌ಗೆ ಬರೋಕಾಗಲ್ಲ. ಒಂದೇ ಸಲಕ್ಕೆ ಎರಡು ಮೂರು ತಿಂಗಳ ಮಾತ್ರೆ ಕೊಡೋಕೆ ಒಪ್ಪಿಗೆ ಸಿಕ್ತು, ಆದ್ರೆ ಹಳ್ಳಿಗೆ ತಲುಪಿಸೋರು ಯಾರು? ಪೀರ್‌ಗಳು ಮತ್ತು ಪಾಸಿಟಿವ್ ಸಂಘದೋರು ಟಿವಿಎಸ್‌ನಲ್ಲಿ, ಸೈಕಲ್‌ನಲ್ಲಿ ತಗೊಂಡು ಹೋದ್ರು. ಮನೆಗೆ ಹೋದ್ರೆ ಗುಟ್ಟು ರಟ್ಟಾಗುತ್ತೆ ಅಂತ ಊರಾಚೆ ಅರಳಿಕಟ್ಟೆ ಹತ್ರ, ಡೈರಿ ಹತ್ರ ಕರೆಸ್ಕೊಂಡು ಕೊಟ್ರು. ಹಂಗೆ ತಲುಪಿಸಿದ ಹೆಂಗಸರಲ್ಲಿ ಎಷ್ಟೋ ಜನಕ್ಕೆ ಆಗ ಸ್ವಂತ ದುಡಿಮೆ ಪೂರ್ತಿ ನಿಂತು ಮನೇಲಿ ಒಲೆ ಹಚ್ಚೋದೇ ಕಷ್ಟ ಆಗಿತ್ತು. ಇದನ್ನ ನೆನೆಸ್ಕೊಂಡ್ರೆ ನನಗೆ ಗಂಟಲು ಕಟ್ಟುತ್ತೆ. ಇವರಿಗೆ ಸಿಗೋದು ತೀರ ಕಮ್ಮಿ ಗೌರವಧನ, ಅದೂ ಎಷ್ಟೋ ಸಲ ತಡವಾಗಿ. ಇದು ಅನ್ಯಾಯ, ಇದನ್ನ ನಾನು ಎಲ್ಲ ಮೀಟಿಂಗ್‌ನಲ್ಲೂ ಹೇಳ್ತೀನಿ, ಇಲ್ಲೂ ಹೇಳ್ತಿದೀನಿ.

ನೀವು ನಾಳೆ ವಾರ್ಡಿಗೆ ಹೋಗೋರು, ನಿಮಗೆ ಅಂತ ಎರಡು ಮಾತು. ಹೆಚ್‌ಐವಿ ಕಾಯ್ದೆ 2017ರದ್ದು, 2018ರ ಸೆಪ್ಟೆಂಬರ್ 10ರಿಂದ ಜಾರಿಲಿದೆ. ಅದರ ಪ್ರಕಾರ ಚಿಕಿತ್ಸೆ ನಿರಾಕರಿಸೋ ಹಾಗಿಲ್ಲ, ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡೋ ಹಾಗಿಲ್ಲ, ವಿಷಯ ಹೊರಗೆ ಹೇಳೋ ಹಾಗಿಲ್ಲ. ಒಂದು ಆಸ್ಪತ್ರೆಲಿ ಬಾಣಂತಿ ಫೈಲ್ ಮೇಲೆ ಕೆಂಪು ಇಂಕಲ್ಲಿ ದೊಡ್ಡದಾಗಿ ಬರೆದು ಮಂಚದ ಕಾಲಿಗೆ ನೇತು ಹಾಕಿದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಿ, ನೋಡೋಕೆ ಬಂದ ನೆಂಟರೆಲ್ಲ ಓದ್ಕೊಂಡು ಹೋದ್ರು. ಹಂಗೆ ಮಾಡ್ಬೇಡಿ. ಗ್ಲೌಸ್ ಎಲ್ಲರಿಗೂ ಒಂದೇ ಥರ ಹಾಕಿ, ಪಾಸಿಟಿವ್ ಇರೋರಿಗೆ ಮಾತ್ರ ಎರಡೆರಡು ಹಾಕಿದ್ರೆ ವಾರ್ಡ್ ಪೂರ್ತಿ ಗೊತ್ತಾಗುತ್ತೆ. ಸೂಜಿ ಚುಚ್ಚಿದ್ರೆ ಗಾಬರಿ ಆಗ್ಬೇಡಿ, ಹಿಂಡ್ಬೇಡಿ, ಸೋಪು ನೀರಲ್ಲಿ ತೊಳೆದು ತಕ್ಷಣ ಹೇಳಿ, ಸೋಂಕು ತಗಲದಂಗೆ ಕೊಡೋ ಪಿಇಪಿ ಮಾತ್ರೆ 72 ಗಂಟೆ ಒಳಗೆ ಶುರು ಮಾಡಿ 28 ದಿನ ತಗೋಬೇಕು, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು. ನಿಮ್ಮ ಆಸ್ಪತ್ರೆಗೆ ಯಾರದ್ದೋ ಜೊತೆ ಒಬ್ಬರು ಪೀರ್ ಬಂದ್ರೆ ನೀವ್ಯಾರು, ಹೊರಗೆ ನಿಲ್ಲಿ ಅನ್ಬೇಡಿ, ಪೇಷೆಂಟ್ ಒಪ್ಪಿದ್ರೆ ಒಳಗೆ ಬಿಡಿ. ಆ ಹೆಂಗಸಿನ ಕಾಲು ಗೇಟ್ ದಾಟಿರೋದೇ ಅವರಿಂದ.

ಇನ್ನು ನಾನು ಕೂತ್ಕೊಳ್ತೀನಿ. ಹಿಂದಿನ ಸಾಲಲ್ಲಿ ಹಸಿರು ಸೀರೆ ಮತ್ತೆ ನೀಲಿ ಸೀರೆ ಉಟ್ಕೊಂಡು ಇಬ್ಬರು ಕೂತಿದ್ದಾರೆ ನೋಡಿ, ಅವರು ನನ್ನ ಜೊತೆ ಬಂದಿರೋ ಪೀರ್‌ಗಳು, ಒಬ್ಬರಿಗೆ ಹದಿನೈದು ವರ್ಷದ ಅನುಭವ. ಫೋಟೋ ಮಾತ್ರ ಯಾರೂ ತೆಗೀಬೇಡಿ, ಫೋನ್ ಬ್ಯಾಗಲ್ಲಿ ಇಡಿ. ಕಾಂಡೋಮ್ ಡೆಮೊ ಅವರೇ ಮಾಡಿ ತೋರಿಸ್ತಾರೆ, ನಗು ಬಂದ್ರೆ ನಗಿ ಪರವಾಗಿಲ್ಲ, ಆದ್ರೆ ನೋಡಿ ಕಲೀರಿ. ಆಮೇಲೆ ಪ್ರಶ್ನೆಗಳನ್ನ ಅವರಿಗೇ ಕೇಳಿ. ಬನ್ನಿ ಅಕ್ಕ, ಮೈಕ್ ತಗೊಳ್ಳಿ.