ಏರ್ ಫಿಲ್ಟರ್ ತಡೆಯುವುದು ಏನನ್ನು?

ಕೇಳುಗರೇ, ನಮಸ್ಕಾರ.

ಕಾರಿಗೆ ಎಷ್ಟು ಪೆಟ್ರೋಲ್ ಹಾಕಿಸಿದೆವು ಎಂಬ ಲೆಕ್ಕ ನಮಗೆಲ್ಲ ಇರುತ್ತದೆ. ಅದು ಉರಿಯಲು ಎಷ್ಟು ಗಾಳಿ ಬೇಕಾಯಿತೆಂದು ವಿಚಾರಿಸುವವರು ಕಡಿಮೆ. ಒಂದು ಭಾಗ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಅಳತೆಗೆ ಇಳಿಸಿದರೆ, ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ. ಇಷ್ಟೂ ಗಾಳಿ ಇಂಜಿನ್ನಿನೊಳಕ್ಕೆ ಹೋಗುವುದು ಮಡಿಕೆ ಮಡಿಕೆಯಾಗಿ ಜೋಡಿಸಿದ ಒಂದು ಕಾಗದದ ಮೂಲಕ. ಅದೇ ಏರ್ ಫಿಲ್ಟರ್.

ರಸ್ತೆಯ ದೂಳಿನಲ್ಲಿ ಬಹುಪಾಲು ಮಣ್ಣು ಮತ್ತು ಮರಳಿನ ಸೂಕ್ಷ್ಮ ಕಣಗಳು. ಕಣ್ಣಿಗೆ ಕಾಣದಷ್ಟು ಸಣ್ಣದಾದರೂ ಮರಳಿನ ಕಣ ಕಬ್ಬಿಣಕ್ಕಿಂತ ಗಟ್ಟಿ. ಇಂಜಿನ್ನಿನ ಸಿಲಿಂಡರಿನೊಳಗೆ ಏರಿಳಿಯುವ ಪಿಸ್ಟನ್ನಿಗೆ ತೊಡಿಸಿದ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವೆ ಇರುವುದು ಕೆಲವೇ ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರದ ಕೆಲವೇ ಭಾಗ, ದಪ್ಪದ ಎಣ್ಣೆಯ ಪದರ. ಅಲ್ಲಿ ಇಂಥ ಕಣ ಸಿಕ್ಕಿಕೊಂಡರೆ ಪಿಸ್ಟನ್ ಏರಿ ಇಳಿದಾಗಲೆಲ್ಲ ಅದು ಸಾಣೆಕಲ್ಲಿನಂತೆ ಗೋಡೆಯನ್ನು ತೇಯುತ್ತದೆ. ರಿಂಗ್ ಸವೆದ ಮೇಲೆ ಎಣ್ಣೆ ಮೇಲೇರಿ ಪೆಟ್ರೋಲಿನ ಜತೆ ಉರಿಯುತ್ತದೆ, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ. ಆ ಹೊತ್ತಿಗೆ ಹೊಸ ಫಿಲ್ಟರ್ ಹಾಕಿ ಪ್ರಯೋಜನವಿಲ್ಲ.

ಆದರೆ ಏರ್ ಫಿಲ್ಟರ್ ಎಂದೊಡನೆ ಬಹಳ ಜನ ಮಾತನಾಡುವುದು ಮೈಲೇಜಿನ ಬಗ್ಗೆ: ಫಿಲ್ಟರ್ ಕಟ್ಟಿಕೊಂಡರೆ ಮೈಲೇಜ್ ಇಳಿಯುತ್ತದೆ ಎಂದು. ಗಾಳಿಗೆ ಪೆಟ್ರೋಲ್ ಬೆರೆಸುತ್ತಿದ್ದ ಹಳೆಯ ಸಾಧನವಾದ ಕಾರ್ಬ್ಯುರೇಟರಿನ ಕಾಲದಲ್ಲಿ ಅದಕ್ಕೆ ಅರ್ಥವಿತ್ತು: ಗಾಳಿ ಕಡಿಮೆಯಾದರೂ ಪೆಟ್ರೋಲ್ ಅದಕ್ಕೆ ತಕ್ಕಂತೆ ಕಡಿಮೆಯಾಗುತ್ತಿರಲಿಲ್ಲ. ಈಗಿನ ಇಂಜಿನ್ನುಗಳಲ್ಲಿ ಬರುವ ಗಾಳಿಯನ್ನು ಸೆನ್ಸರ್ ಅಳೆಯುತ್ತದೆ, ಕಂಪ್ಯೂಟರ್ ಅಷ್ಟಕ್ಕೇ ಇಂಧನ ಬಿಡುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯವು 2009ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಫಿಲ್ಟರ್ ಕಟ್ಟಿಕೊಂಡಿದ್ದರೂ ಇಂಥ ಆಧುನಿಕ ಕಾರುಗಳ ಮೈಲೇಜಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ, ಕುಗ್ಗಿದ್ದು ಪಿಕಪ್. ಇದಕ್ಕೆ ಕಾರಣ ಸರಳ. ಸಾಧಾರಣ ವೇಗದಲ್ಲಿ ಪೆಟ್ರೋಲ್ ಇಂಜಿನ್ನಿನ ಗಾಳಿಯ ದಾರಿ ಅರ್ಧಂಬರ್ಧ ಮುಚ್ಚಿಯೇ ಇರುತ್ತದೆ, ಫಿಲ್ಟರಿನ ಅಡ್ಡಿಯನ್ನು ಆ ದಾರಿ ತುಸು ಹೆಚ್ಚು ತೆರೆದುಕೊಂಡು ಸರಿದೂಗಿಸುತ್ತದೆ. ಏರು ಹತ್ತುವಾಗ, ಮುಂದಿನ ಲಾರಿಯನ್ನು ಹಿಂದೆ ಹಾಕಲು ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ, ತೆರೆಯಲು ಉಳಿದಿರುವುದಿಲ್ಲ, ಗಾಡಿ ಜಗ್ಗುತ್ತದೆ. ಡೀಸೆಲ್ ಗಾಡಿಯಲ್ಲಾದರೆ ಗಾಳಿ ಸಾಲದೆ ಕಪ್ಪು ಹೊಗೆಯೂ ಕಾಣಬಹುದು.

ಇಲ್ಲಿ ನನ್ನದೊಂದು ತಕರಾರಿದೆ. ಫಿಲ್ಟರ್ ಕೊಳೆಯಾಗಿ ಕಂಡ ಮಾತ್ರಕ್ಕೆ ಅದು ಕೆಟ್ಟಿದೆ ಎಂದು ಎಣಿಸುತ್ತೇವೆ. ನಿಜವಾಗಿ, ಮೇಲ್ಮೈಯಲ್ಲಿ ತೆಳುವಾಗಿ ಕೂತ ದೂಳೇ ಇನ್ನೂ ಸಣ್ಣ ಕಣಗಳನ್ನು ಹಿಡಿಯಲು ನೆರವಾಗುತ್ತದೆ. ಸ್ವಲ್ಪ ಓಡಿದ ಫಿಲ್ಟರ್ ಹೊಚ್ಚಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಶುಚಿಮಾಡಲೆಂದು ಪ್ರತಿ ಬಾರಿಯೂ ಕಂಪ್ರೆಸರಿನ ಗಾಳಿಯನ್ನು ರಭಸದಿಂದ ಹಾಯಿಸಿದರೆ ದೂಳು ಹೋಗುವುದರೊಡನೆ ಕಾಗದದ ನಾರುಗಳೂ ಕಿತ್ತುಹೋಗುತ್ತವೆ. ಕಟ್ಟಿಕೊಂಡ ಫಿಲ್ಟರ್ ಶಕ್ತಿಯನ್ನಷ್ಟೇ ಕಡಿಮೆ ಮಾಡುತ್ತದೆ, ಸೂಜಿಮೊನೆಯಷ್ಟು ತೂತಾದ ಫಿಲ್ಟರ್ ಇಂಜಿನ್ನನ್ನೇ ತಿನ್ನುತ್ತದೆ.

ಸರ್ವಿಸಿನಿಂದ ಬಂದ ನನ್ನ ಕಾರಿನ ಫಿಲ್ಟರ್ ಡಬ್ಬಿಯನ್ನು ಒಮ್ಮೆ ನೋಡಿದಾಗ ಒಂದು ಕ್ಲಿಪ್ ಹಾಕಿರಲೇ ಇಲ್ಲ. ಫಿಲ್ಟರ್ ಹೊಸದೇ, ಆದರೆ ಅದರ ರಬ್ಬರಿನ ಅಂಚು ಒಂದು ಮೂಲೆಯಲ್ಲಿ ಮಡಚಿಕೊಂಡಿತ್ತು. ಇಂಜಿನ್ನಿನ ಕಡೆಗೆ ಹೋಗುವ ಕೊಳವೆಯ ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳಾಡಿಸಿದೆ, ಕೆಂಪಗೆ ದೂಳು ಹತ್ತಿತು. ಕಾಗದದ ಮೇಲೆ ಎಷ್ಟೇ ದೂಳಿರಲಿ, ಅದರಾಚೆಗೆ ಇರಕೂಡದು. ಈ ಪರೀಕ್ಷೆಯನ್ನು ಯಾರು ಬೇಕಾದರೂ ಇಂಜಿನ್ ಆಫ್ ಮಾಡಿ ಎರಡು ನಿಮಿಷದಲ್ಲಿ ಮಾಡಬಹುದು.

ಎಣ್ಣೆ ಸವರಿದ, ತೊಳೆದು ಮತ್ತೆ ಬಳಸುವ ಹತ್ತಿಬಟ್ಟೆಯ ಫಿಲ್ಟರುಗಳೂ ಇವೆ. ಅವುಗಳಿಗೆ ಎಣ್ಣೆ ಹೆಚ್ಚಾದರೆ ಗಾಳಿ ಅಳೆಯುವ ಸೆನ್ಸರಿನ ಮೇಲೆ ಅದು ಕೂತು ಅಳತೆ ತಪ್ಪುತ್ತದೆ. ಸಾಮಾನ್ಯ ಓಡಾಟಕ್ಕೆ ಕಾಗದದ್ದೇ ಸಾಕು ಎಂಬುದು ನನ್ನ ಅಭಿಪ್ರಾಯ. ಎಷ್ಟು ಕಿಲೋಮೀಟರಿಗೆ ಬದಲಿಸಬೇಕೆಂಬುದನ್ನು ಗಾಡಿಯ ಜತೆ ಬಂದ ಪುಸ್ತಕ ಹೇಳುತ್ತದೆ. ದೂಳಿನ ದಾರಿಯಲ್ಲಿ ಹೆಚ್ಚು ಓಡುವ ಗಾಡಿಗೆ ಅದೇ ಪುಸ್ತಕದಲ್ಲಿ ಸಾಮಾನ್ಯವಾಗಿ ಇನ್ನೂ ಕಡಿಮೆ ಅಂತರವನ್ನು ಸೂಚಿಸಿರುತ್ತಾರೆ. ನಮ್ಮ ಓಡಾಟ ಯಾವ ಬಗೆಯದೆಂದು ನಾವೇ ಪ್ರಾಮಾಣಿಕವಾಗಿ ನಿರ್ಧರಿಸಬೇಕಾದ ಜಾಗ ಅದು. ನೆರೆನೀರಿನಲ್ಲಿ ಗಾಡಿ ಓಡಿಸಿದ್ದರೆ ಮಾತ್ರ ಪುಸ್ತಕ ನೋಡುತ್ತ ಕೂರದೆ, ಮತ್ತೆ ಸ್ಟಾರ್ಟ್ ಮಾಡುವ ಮೊದಲೇ ಡಬ್ಬಿ ತೆರೆದು ನೋಡಿ. ಒದ್ದೆಯಾದ ಕಾಗದವನ್ನು ಒಣಗಿಸಿ ಹಾಕುವುದು ಬೇಡ, ಬದಲಿಸಿ.

ನಮಸ್ಕಾರ.